ಕೂಸಿಗೂ ಕೂಲಿಗೂ ನಡುವೆ

ಬಡತನವನ್ನು ಕುರಿತು ಮಾತನಾಡುವಾಗ ಅದನ್ನು ಒಂದು ಮನೆತನಕ್ಕೆ ಅಂಟಿಕೊಂಡ ಸ್ಥಿರವಾದ ಗುಣವೆಂಬಂತೆ ನಾವು ಭಾವಿಸುವುದುಂಟು. ಇಂಥವರು ಬಡವರು, ಇಂಥವರು ಉಳ್ಳವರು ಎಂದು ಊರನ್ನು ಎರಡು ಪಾಲು ಮಾಡಿ, ಬಡವರ ಪಾಲಿಗೆ ಒಂದು ಚೀಟಿಯನ್ನು ಕೊಟ್ಟರೆ ಸರಕಾರದ ಕೆಲಸ ಮುಗಿಯಿತೆಂದು ತಿಳಿಯುತ್ತೇವೆ. ಆದರೆ ದುಡಿದು ಉಣ್ಣುವ ಮನೆಯ ಬಾಳನ್ನು ಹತ್ತಿರದಿಂದ ಕಂಡವರಿಗೆ ಬೇರೊಂದು ಸಂಗತಿ ತೋರುತ್ತದೆ. ಬಡತನಕ್ಕೂ ಏರಿಳಿತಗಳಿವೆ, ಅದಕ್ಕೂ ಋತುಗಳಿವೆ, ವಯಸ್ಸಿದೆ. ಒಂದು ಕಾಲಕ್ಕೆ ಹೇಗೋ ನೆಟ್ಟಗೆ ನಡೆದ ಮನೆಯೇ ಇನ್ನೊಂದು ಕಾಲಕ್ಕೆ ಕುಸಿಯುತ್ತದೆ. ಆ ಕುಸಿತದ ಕಾಲ ಯಾವುದೆಂಬುದನ್ನು ಅರಿಯದೆ ಮಾಡಿದ ಸಹಾಯವು ಬಿತ್ತಿಗೆಯ ಹದ ಮೀರಿದ ಮೇಲೆ ಬಂದ ಮಳೆಯಂತೆ.

ಇಂಗ್ಲಂಡಿನ ಯಾರ್ಕ್ ಪಟ್ಟಣದಲ್ಲಿ ಸೀಬೋಮ್ ರೌಂಟ್ರಿ ಎಂಬಾತನು 1899ರಲ್ಲಿ ಕೂಲಿಕಾರರ ಮನೆಮನೆಯ ಲೆಕ್ಕ ತೆಗೆಸಿದನು. 1901ರಲ್ಲಿ ಅದನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ಚಾಕಲೇಟು ಕಾರ್ಖಾನೆಯ ಸಿರಿವಂತ ಮನೆತನದವನಾದ ಆತನು ಕಂಡುಕೊಂಡ ಸತ್ಯ ಸರಳವಾದುದು. ಕೂಲಿಕಾರನ ಬಾಳಿನಲ್ಲಿ ಕೊರತೆಯ ಕಾಲವು ಮೂರು ಸಲ ಬರುತ್ತದೆ: ತಾನು ಮಗುವಾಗಿದ್ದಾಗ ಒಮ್ಮೆ, ತನಗೆ ಮಕ್ಕಳಾಗಿ ಅವರಿನ್ನೂ ದುಡಿಯಲಾರದಿರುವಾಗ ಇನ್ನೊಮ್ಮೆ, ಮುಪ್ಪಿನಲ್ಲಿ ಮತ್ತೊಮ್ಮೆ. ನಡುವೆ ತುಸು ನೆಮ್ಮದಿಯ ವರ್ಷಗಳಿರುತ್ತವೆ. ಮೊದಲನೆಯ ಕೊರತೆಯೂ ಎರಡನೆಯ ಕೊರತೆಯೂ ಒಂದೇ ಮನೆಯಲ್ಲಿ ಒಂದೇ ಕಾಲಕ್ಕೆ ನಡೆಯುತ್ತವೆಂಬುದನ್ನು ಓದುಗರು ಗಮನಿಸಬೇಕು. ತಂದೆತಾಯಿಗಳಿಗೆ ಎರಡನೆಯದಾದುದು ಮಕ್ಕಳಿಗೆ ಮೊದಲನೆಯದು. ಉಣ್ಣುವ ಬಾಯಿ ಹೆಚ್ಚಾದಾಗಲೇ ದುಡಿಯುವ ಕೈ ಕಡಿಮೆಯಾಗುತ್ತದೆ. ಏಕೆಂದರೆ ಆ ಕೈಗಳಲ್ಲೊಂದು ಜೊತೆ ಕೂಸನ್ನು ಎತ್ತಿಕೊಂಡಿರುತ್ತದೆ.

ಈ ಮಾತು ಯಾರ್ಕಿಗೆ ಎಷ್ಟು ನಿಜವೋ ನಮ್ಮ ಗದಗ ಸೀಮೆಗೂ ಅಷ್ಟೇ ನಿಜ. ಗದಗ ತಾಲೂಕಿನ ಕುರ್ತಕೋಟಿ ಸಾಹಿತ್ಯಾಸಕ್ತರಿಗೆ ಹೊಸ ಹೆಸರಲ್ಲ. ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರ ಹೆಸರಿನೊಡನೆ ಅದು ಕನ್ನಡ ನಾಡನ್ನೆಲ್ಲ ಸುತ್ತಿ ಬಂದಿದೆ. ಆದರೆ ಊರೆಂಬುದು ಹೆಸರಿನಿಂದ ಉಣ್ಣುವುದಿಲ್ಲ. ಈ ಸೀಮೆಯ ಬಾಳು ಎರೆ ಮಸಾರಿಗಳ ಮೇಲೆ ಬೀಳುವ ಮಳೆಯನ್ನು ನಂಬಿಕೊಂಡಿದೆ. ಮುಂಗಾರಿಗೆ ಹೆಸರು, ಶೇಂಗಾ, ಉಳ್ಳಾಗಡ್ಡಿ, ಮೆಣಸಿನಕಾಯಿ, ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿ, ಇವುಗಳೊಡನೆ ಹತ್ತಿ. ಇವುಗಳಲ್ಲಿ ಹೆಂಗಸರ ಕೈ ತಾಗದ ಬೆಳೆ ಯಾವುದು? ಕಳೆ ತೆಗೆಯುವವರು, ಹೆಸರಿನ ಕಾಯಿ ಬಿಡಿಸುವವರು, ಉಳ್ಳಾಗಡ್ಡಿ ಕೊಯ್ಯುವವರು, ಹತ್ತಿ ಬಿಡಿಸುವವರು, ಮೆಣಸಿನಕಾಯಿ ಹರಿಯುವವರು ಬಹುಪಾಲು ಹೆಂಗಸರೇ. ಸುಗ್ಗಿಯ ಆ ನಾಲ್ಕಾರು ವಾರಗಳ ಕೂಲಿಯ ಮೇಲೆ ಮನೆಯ ವರ್ಷದ ಎಣ್ಣೆ, ಅರಿವೆ, ಸಾಲದ ಬಡ್ಡಿ ನಿಂತಿರುತ್ತವೆ. ಆ ವಾರಗಳಲ್ಲಿ ಮನೆಯಲ್ಲಿ ಕೂಡುವುದೆಂದರೆ ವರ್ಷವನ್ನೇ ಕಳೆದುಕೊಳ್ಳುವುದು.

ಸುಗ್ಗಿಯ ಹಾಜರಿ

ನಾನು ಈ ಸೀಮೆಯಲ್ಲಿ ಬಹುಕಾಲ ಮಾಸ್ತರಿಕೆ ಮಾಡಿದವನು. ಮಾಸ್ತರನಿಗೆ ಊರಿನ ಬೆಳೆಯನ್ನು ತಿಳಿಯಲು ಹೊಲಕ್ಕೆ ಹೋಗಬೇಕಾಗಿಲ್ಲ. ಹಾಜರಿ ಪುಸ್ತಕ ತೆರೆದರೆ ಸಾಕು. ಹೆಸರು ಕಾಯಿ ಕಟ್ಟಿತೆಂದರೆ ನಾಲ್ಕನೆಯ, ಐದನೆಯ ಇಯತ್ತೆಯ ಹುಡುಗಿಯರ ಸಾಲಿನಲ್ಲಿ ಗೈರುಹಾಜರಿಯ ಗುರುತುಗಳು ಏಳುತ್ತವೆ. ಹತ್ತಿ ಒಡೆದಾಗ ಅವು ಮತ್ತೆ ಏಳುತ್ತವೆ. ಹುಡುಗರ ಸಾಲಿನಲ್ಲಿ ಅಷ್ಟಿಲ್ಲ. ಆ ಹುಡುಗಿಯರೆಲ್ಲ ಕೂಲಿಗೆ ಹೋಗಿದ್ದಾರೆಂದು ಅನೇಕರು ಊಹಿಸುತ್ತಾರೆ. ಕೆಲವರು ಹೋಗಿರುವುದು ನಿಜ. ಹೆಚ್ಚಿನವರು ಮನೆಯ ಕಟ್ಟೆಯ ಮೇಲೆ ತಮ್ಮನನ್ನೋ ತಂಗಿಯನ್ನೋ ಟೊಂಕದ ಮೇಲೆ ಹೊತ್ತು ನಿಂತಿರುತ್ತಾರೆ. ತಾಯಿ ಹೊಲದಲ್ಲಿರುವುದರಿಂದ ಹತ್ತು ವರ್ಷದ ಹುಡುಗಿ ತಾಯಿಯಾಗಿದ್ದಾಳೆ. ಕೂಸನ್ನು ನೋಡಿಕೊಳ್ಳುವವರಿಲ್ಲದ ಕೊರತೆ ಒಂದೇ. ಅದು ಕೆಡಿಸುವುದು ಇಬ್ಬರು ಮಕ್ಕಳ ಬಾಳನ್ನು. ಒಬ್ಬನದು ಮೈ, ಇನ್ನೊಬ್ಬಳದು ವಿದ್ಯೆ.

ಅಕ್ಕನೂ ಇಲ್ಲದ ಮನೆಯ ಕೂಸು ಹೊಲಕ್ಕೆ ಹೋಗುತ್ತದೆ. ಒಂದು ಮಾಘಮಾಸದಲ್ಲಿ ಕುರ್ತಕೋಟಿಯ ಕಡೆಯ ಮೆಣಸಿನಕಾಯಿಯ ಹೊಲವೊಂದರ ಬದುವಿನಲ್ಲಿ ಬೇವಿನ ಗಿಡಕ್ಕೆ ಸೀರೆಯ ಜೋಲಿಯನ್ನು ಕಟ್ಟಿದ್ದನ್ನು ಕಂಡೆನು. ಒಳಗಿನ ಕೂಸಿಗೆ ವರ್ಷ ತುಂಬಿದ್ದಿರಬಹುದು. ಕಾಯಿಯ ಘಾಟಿಗೆ ಅದು ಕೆಮ್ಮುತ್ತಿತ್ತು. ತಾಯಿ ಸಾಲು ಮುಗಿಸಿ ಬಂದು, ಖಾರ ತಾಗಿದ ಕೈಯನ್ನು ಮಣ್ಣಿನಿಂದ ತಿಕ್ಕಿ ತೊಳೆದುಕೊಂಡು, ಆಮೇಲೆ ಅದನ್ನು ಎತ್ತಿಕೊಂಡಳು. "ಹೊಲಕ್ಕ ಯಾಕವಾ ತಂದಿ ಇದನ್ನ?" ಎಂದು ಕೇಳಿದೆ. "ಏನ್ ಮಾಡೂದ್ರೀ ಮಾಸ್ತರ, ಕೂಸಿನ್ನ ನೋಡ್ಕೋತ ಮನ್ಯಾಗ ಕುಂತ್ರ ಕೂಲಿ ಯಾರು ಕೊಡ್ತಾರ್ರೀ? ಕೂಲಿಗೆ ಬಂದ್ರ ಕೂಸಿನ್ನ ಯಾರು ನೋಡ್ತಾರ್ರೀ?" ಎಂದಳು. ಅರ್ಥಶಾಸ್ತ್ರದ ಹೊತ್ತಿಗೆಗಳು ಅನೇಕ ಪುಟಗಳಲ್ಲಿ ಹೇಳುವುದನ್ನು ಆಕೆ ಎರಡು ಪ್ರಶ್ನೆಗಳಲ್ಲಿ ಹೇಳಿದ್ದಳು. ಮಕ್ಕಳ ಬಡತನವನ್ನು ಕುರಿತ ಯಾವ ಸರಕಾರಿ ಧೋರಣೆಯನ್ನೂ ಈ ಎರಡು ಪ್ರಶ್ನೆಗಳ ಒರೆಗಲ್ಲಿಗೆ ಹಚ್ಚಿ ನೋಡಬೇಕೆಂದು ನನಗೆ ತೋರುತ್ತದೆ.

ನಡೆಯಬಲ್ಲ ಮಗು, ನಡೆಯಲಾರದ ಮಗು

ಸರಕಾರ ಏನೂ ಮಾಡಿಲ್ಲವೆಂದು ಹೇಳುವುದು ಅನ್ಯಾಯವಾದೀತು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ 2ರಂದು ದೇಶದ 33 ಕಡೆ ಆರಂಭವಾಯಿತು. ಕರ್ನಾಟಕದಲ್ಲಿ ಅದಕ್ಕೆ ಮೊದಲು ಆರಿಸಿದ್ದು ತಿರುಮಕೂಡಲು ನರಸೀಪುರವನ್ನು. ಅಂಗನವಾಡಿ ಎಂಬ ಮಾತು ಈಗ ಹಳ್ಳಿಯ ಮಾತೇ ಆಗಿಬಿಟ್ಟಿದೆ. ಶಾಲೆಯಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರದಲ್ಲಿ ಆಜ್ಞೆ ಮಾಡಿತು. ನಮ್ಮ ರಾಜ್ಯದಲ್ಲಿ 2002ರಲ್ಲಿ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಮೊದಲಾಗಿ, 2003ರಲ್ಲಿ ಗದಗ ಮೊದಲಾದ ಉಳಿದ ಜಿಲ್ಲೆಗಳಿಗೆ ಬಂದಿತು. 2013ರ ಆಗಸ್ಟದಲ್ಲಿ ಕ್ಷೀರಭಾಗ್ಯವು 150 ಮಿಲಿಲೀಟರ್ ಹಾಲನ್ನು ಮಗುವಿನ ಲೋಟಕ್ಕೆ ತಂದಿತು. 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಕಡೆಯ ಶಾಲೆಗಳಲ್ಲಿ ಮೊದಲಾದ ಮೊಟ್ಟೆಯ ಕಾರ್ಯಕ್ರಮ ಮುಂದೆ ಇತರ ಜಿಲ್ಲೆಗಳಿಗೂ ಹಬ್ಬಿತು. ಗದಗದ ಜನರಿಗೆ ದಾಸೋಹವೆಂಬ ಪದ ಮಠಗಳಿಂದ ಪರಿಚಿತವಾದುದು. ಕುರುಡರೂ ನಿರ್ಗತಿಕರೂ ಆದ ಮಕ್ಕಳಿಗೆ ಅನ್ನ ಸಂಗೀತಗಳೆರಡನ್ನೂ ಕೊಟ್ಟ ವೀರೇಶ್ವರ ಪುಣ್ಯಾಶ್ರಮವಿರುವ ಊರಿದು. ಆ ಪದವು ಸರಕಾರದ ಕಾರ್ಯಕ್ರಮಕ್ಕೆ ಹೆಸರಾದಾಗ, ದಾನವಾಗಿದ್ದುದು ಹಕ್ಕಾಯಿತು. ಇದು ಸಣ್ಣ ಮಾತಲ್ಲ.

ಆದರೆ ಈ ಪಟ್ಟಿಯನ್ನು ಇನ್ನೊಮ್ಮೆ ಓದೋಣ. ಶಾಲೆಯ ಊಟ, ಹಾಲು, ಮೊಟ್ಟೆ ಇವೆಲ್ಲ ತನ್ನ ಕಾಲಿನಿಂದ ನಡೆದು ಬರಬಲ್ಲ ಮಗುವಿಗೆ ದೊರೆಯುತ್ತವೆ. ಅಂಗನವಾಡಿಯ ಬಿಸಿಯೂಟವೂ ಮೂರು ವರ್ಷ ತುಂಬಿದವರಿಗೆ. ಆರು ತಿಂಗಳಿಂದ ಮೂರು ವರ್ಷದವರೆಗಿನ ಕೂಸಿಗೆ ಸಲ್ಲುವುದು ಮನೆಗೆ ಒಯ್ಯುವ ಆಹಾರದ ಪೊಟ್ಟಣ. ಪೊಟ್ಟಣ ಮನೆಗೆ ಬರುತ್ತದೆ, ನಿಜ. ತಾಯಿ ಹೊಲಕ್ಕೆ ಹೋದ ಮೇಲೆ ಅದನ್ನು ಕಲಸಿ, ಆರಿಸಿ, ಕೂಸಿನ ಬಾಯಿಗೆ ಇಡುವವರು ಯಾರು? ದೊಡ್ಡವರು ಎರಡು ಹೊತ್ತು ಉಂಡು ಬದುಕಬಲ್ಲರು. ವರ್ಷದ ಕೂಸಿನ ಹೊಟ್ಟೆ ಅದರ ಮುಷ್ಟಿಯಷ್ಟು. ಅದಕ್ಕೆ ದಿನಕ್ಕೆ ಐದಾರು ಸಲ ತುಸು ತುಸು ಉಣಿಸಬೇಕು. ಪಡಿತರದಲ್ಲಿ ಎಷ್ಟು ಕಿಲೋ ಅಕ್ಕಿ ಬಂದರೂ, ಕೂಸಿಗೆ ಅನ್ನದಷ್ಟೇ ಉಣಿಸುವ ಕೈಯೂ ಬೇಕು.

ಅಂಕಿಗಳೂ ಇದನ್ನೇ ಹೇಳುತ್ತವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಆಧಾರದ ಮೇಲೆ ನೀತಿ ಆಯೋಗವು ಕಟ್ಟಿದ ಲೆಕ್ಕದಂತೆ, ಕರ್ನಾಟಕದಲ್ಲಿ ಬಹುಮುಖ ಬಡತನದಲ್ಲಿದ್ದವರ ಪ್ರಮಾಣ 2015-16ರಲ್ಲಿ ನೂರಕ್ಕೆ 12.77 ಇದ್ದುದು 2019-21ರಲ್ಲಿ 7.58ಕ್ಕೆ ಇಳಿಯಿತು. ಮನೆಗಳಿಗೆ ಶೌಚಾಲಯ, ವಿದ್ಯುತ್ತು, ಅಡುಗೆಯ ಅನಿಲ, ಬ್ಯಾಂಕಿನ ಖಾತೆ ಬಂದವು. ಅದೇ ಎರಡು ಸಮೀಕ್ಷೆಗಳ ನಡುವೆ, ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಐದು ವರ್ಷದೊಳಗಿನ ಮಕ್ಕಳ ಪ್ರಮಾಣ 36.2ರಿಂದ 35.4ಕ್ಕೆ ಮಾತ್ರ ಇಳಿಯಿತು. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ನೂರಕ್ಕೆ 65.5 ಮಂದಿಗೆ ರಕ್ತಹೀನತೆ ಇದ್ದಿತು. ಮನೆ ಮೇಲಕ್ಕೆದ್ದಿತು, ಮಗು ಏಳಲಿಲ್ಲ. ಇದಕ್ಕೆ ಕಾರಣಗಳು ಹಲವು: ಬಸುರಿಯಾಗಿದ್ದಾಗಲೇ ಸೊರಗಿದ ತಾಯಿ, ಕೆಟ್ಟ ನೀರು, ಮತ್ತೆ ಮತ್ತೆ ಕಾಡುವ ಭೇದಿ. ಆದರೆ ತಾಯಿಯ ದುಡಿಮೆಯ ಹೊತ್ತಿನಲ್ಲಿ ಕೂಸಿಗೆ ನೆಲೆಯಿಲ್ಲವೆಂಬುದು ಈ ಕಾರಣಗಳೆಲ್ಲವನ್ನೂ ಬಿಗಿಗೊಳಿಸುವ ಗಂಟು. ಆ ಗಂಟನ್ನು ಬಿಚ್ಚುವುದೇ ಸರಕಾರದ ಮುಂದಿನ ಕೆಲಸವಾಗಬೇಕೆಂಬುದು ನನ್ನ ವಾದ.

ಹತ್ತಿಯ ಎರಡು ನ್ಯಾಯ

ದುಡಿಯುವ ತಾಯಿಯ ಕೂಸಿಗೆ ನೆಲೆ ಬೇಕೆಂಬ ವಿಚಾರ ನಮ್ಮ ಕಾಯದೆಗಳಿಗೆ ಹೊಸದೇನಲ್ಲ. 1948ರ ಕಾರ್ಖಾನೆ ಕಾಯದೆಯು ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಶಿಶುಗೃಹವಿರಬೇಕೆಂದು ವಿಧಿಸಿತು. 1976ರ ತಿದ್ದುಪಡಿಯಿಂದ ಆ ಸಂಖ್ಯೆ ಮೂವತ್ತಕ್ಕೆ ಇಳಿಯಿತು. 1951ರ ಪ್ಲಾಂಟೇಶನ್ ಕಾಯದೆಯು ಕೊಡಗು ಚಿಕ್ಕಮಗಳೂರುಗಳ ದೊಡ್ಡ ತೋಟಗಳಿಗೂ ಇದೇ ಬಗೆಯ ಹೊಣೆಯನ್ನು ಹೊರಿಸಿತು. ಈಗ ಗದಗದ ಹತ್ತಿಯನ್ನು ನೆನೆಯಿರಿ. ಅರಳೆ ಗಿರಣಿಯ ಬಾಗಿಲು ದಾಟಿದ ಹತ್ತಿಯ ಬಳಿ ಸಾಕಷ್ಟು ಹೆಂಗಸರು ಕೂಡಿ ದುಡಿದರೆ ಅವರ ಕೂಸಿಗೆ ಕಾಯದೆಯ ನೆರಳುಂಟು. ಅದೇ ಹತ್ತಿಯನ್ನು ಹೊಲದಲ್ಲಿ ಬಿಡಿಸಿದವಳ ಕೂಸಿಗೆ ಬೇವಿನ ನೆರಳು ಮಾತ್ರ. ಹೊಲಕ್ಕೆ ಒಬ್ಬ ಮಾಲಕನಿಲ್ಲ. ಇಂದು ಒಬ್ಬರ ಹೊಲ, ನಾಳೆ ಇನ್ನೊಬ್ಬರದು. ಎರಡೆಕರೆಯ ಒಕ್ಕಲಿಗನಿಗೆ ಶಿಶುಗೃಹ ಕಟ್ಟು ಎನ್ನುವುದು ನಗೆಗೇಡು. ಆದುದರಿಂದಲೇ ಇಲ್ಲಿ ಊರೇ ಮಾಲಕನ ಸ್ಥಾನದಲ್ಲಿ ನಿಲ್ಲಬೇಕಾಗುತ್ತದೆ. ಎಂದರೆ ಗ್ರಾಮ ಪಂಚಾಯತಿಯೂ ಅದರ ಬೆನ್ನಿಗೆ ಸರಕಾರವೂ ನಿಲ್ಲಬೇಕು.

ಈ ದಿಕ್ಕಿನಲ್ಲಿ ಹೆಜ್ಜೆಗಳು ಬೀಳದೆ ಇಲ್ಲ. 1969ರಲ್ಲಿ ದಿಲ್ಲಿಯಲ್ಲಿ ಗಾಂಧೀ ಶತಮಾನೋತ್ಸವದ ಕಟ್ಟಡದ ಕೆಲಸ ನಡೆದಿದ್ದಾಗ, ಮಣ್ಣಿನಲ್ಲಿ ಹೊರಳುತ್ತಿದ್ದ ಕೂಲಿಕಾರರ ಮಕ್ಕಳನ್ನು ಕಂಡು ಮೀರಾ ಮಹಾದೇವನ್ ಎಂಬ ಮಹಿಳೆ ಒಂದು ಡೇರೆಯಲ್ಲಿ ಶಿಶುಗೃಹವನ್ನು ತೆರೆದರು. ಮೊಬೈಲ್ ಕ್ರೆಷಸ್ ಎಂಬ ಸಂಸ್ಥೆ ಅದರಿಂದ ಬೆಳೆಯಿತು. 2005ರ ಉದ್ಯೋಗ ಖಾತರಿ ಕಾಯದೆಯು, ಕೆಲಸದ ಸ್ಥಳಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಣ್ಣುಮಗಳನ್ನು ನೇಮಿಸಿ ಆಕೆಗೂ ಕೂಲಿ ಕೊಡಬೇಕೆಂದು ಹೇಳಿತ್ತು. ಕೂಸನ್ನು ನೋಡಿಕೊಳ್ಳುವುದೂ ಕೆಲಸವೇ, ಅದಕ್ಕೂ ಕೂಲಿ ಸಲ್ಲಬೇಕು ಎಂಬ ಮಾತನ್ನು ದೇಶದ ಕಾಯದೆ ಹಳ್ಳಿಯ ಮಟ್ಟಿಗೆ ಒಪ್ಪಿಕೊಂಡುದು ಅಲ್ಲಿ. 2023ರಲ್ಲಿ ಕರ್ನಾಟಕ ಸರಕಾರವು 4,000 ಗ್ರಾಮ ಪಂಚಾಯತಿಗಳಲ್ಲಿ ಕೂಸಿನ ಮನೆಗಳನ್ನು ತೆರೆಯುವುದಾಗಿ ಮುಂಗಡಪತ್ರದಲ್ಲಿ ಸಾರಿತು. ಹೆಸರಿಟ್ಟವರಿಗೆ ನಾನು ನಮಸ್ಕರಿಸುತ್ತೇನೆ. ಸರಕಾರದ ಯೋಜನೆಗಳಿಗೆ ಇಷ್ಟು ಬೆಚ್ಚಗಿನ ಕನ್ನಡ ಹೆಸರು ಸಿಗುವುದು ಅಪರೂಪ.

ಆದರೆ ಹೆಸರು ಬೆಚ್ಚಗಿದ್ದರೆ ಸಾಲದು, ಮನೆಯೂ ಬೆಚ್ಚಗಿರಬೇಕು. ಅದಕ್ಕೆ ಮೂರು ಸಂಗತಿಗಳು ಅವಶ್ಯ.

ಮೊದಲನೆಯದು ಹೊತ್ತು. ಹೊಲದ ಕೆಲಸ ಕಚೇರಿಯ ಗಡಿಯಾರವನ್ನು ಕೇಳುವುದಿಲ್ಲ. ಮೆಣಸಿನಕಾಯಿ ಹರಿಯುವವರು ಬೆಳಕು ಹರಿಯುತ್ತಲೇ ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ. ಅವರು ಹೋದ ಮೇಲೆ ತೆರೆದು, ಅವರು ಬರುವ ಮುಂಚೆ ಮುಚ್ಚುವ ಕೂಸಿನ ಮನೆಯಿಂದ ಏನು ಪ್ರಯೋಜನ? ಆಯಾ ಊರಿನ ಬೆಳೆಯನ್ನು ನೋಡಿ ಹೊತ್ತನ್ನು ಗೊತ್ತುಮಾಡುವ ಅಧಿಕಾರ ಪಂಚಾಯತಿಗೆ ಇರಬೇಕು. ಸುಗ್ಗಿಯಲ್ಲಿ ಒಂದು ಹೊತ್ತು, ಬೇಸಗೆಯಲ್ಲಿ ಇನ್ನೊಂದು ಹೊತ್ತು ಇದ್ದರೆ ತಪ್ಪೇನು?

ಎರಡನೆಯದು ಆರೈಕೆ ಮಾಡುವ ಕೈ. ಕೂಸಿನ ಮನೆಯ ಆರಂಭದ ಏರ್ಪಾಡಿನಲ್ಲಿ ಉದ್ಯೋಗ ಚೀಟಿಯುಳ್ಳ ಹೆಂಗಸರನ್ನೇ ಆರಿಸಿ ತರಬೇತು ಕೊಟ್ಟು, ಉದ್ಯೋಗ ಖಾತರಿಯ ಕೂಲಿಯನ್ನೇ ಅವರಿಗೆ ಸಲ್ಲಿಸುವ ವ್ಯವಸ್ಥೆ ಇತ್ತು. ಆದರೆ ಆ ಕಾಯದೆಯಲ್ಲಿ ಒಂದು ಮನೆಗೆ ವರ್ಷಕ್ಕೆ ನೂರು ದಿನದ ಖಾತರಿ. ನೂರು ದಿನವಾದ ಮೇಲೆ ಆ ಹೆಣ್ಣುಮಗಳ ಸ್ಥಾನದಲ್ಲಿ ಇನ್ನೊಬ್ಬಳು ಬರಬೇಕು. ಕೂಸಾದರೋ ಮುಖವನ್ನು ಗುರುತಿಸಿ ಉಣ್ಣುವ ಪ್ರಾಣಿ. ಅದಕ್ಕೆ ಲೆಕ್ಕಪತ್ರದ ವರ್ಷ ತಿಳಿಯದು. ಮೇಲಾಗಿ 2025ರ ಡಿಸೆಂಬರದಲ್ಲಿ ಸಂಸತ್ತು ಉದ್ಯೋಗ ಖಾತರಿಯ ಹಳೆಯ ಕಾಯದೆಯ ಸ್ಥಾನಕ್ಕೆ 125 ದಿನಗಳ ಹೊಸ ಕಾಯದೆಯನ್ನು ಅಂಗೀಕರಿಸಿತು. ಕೂಲಿಯ ಕಾಯದೆ ಹೇಗೇ ಬದಲಾಗಲಿ, ಕೂಸಿನ ಮನೆ ಅದರ ಬಾಲವಾಗಿರಬಾರದು. ಅದಕ್ಕೆ ತನ್ನದೇ ಹಣ, ತನ್ನದೇ ಕಾಯಂ ಆರೈಕೆದಾರಳು ಬೇಕು. ಆಕೆಗೆ ಗೌರವಧನವೆಂಬ ಹೆಸರಿನ ಅರೆಹೊಟ್ಟೆಯ ಹಣವನ್ನಲ್ಲ, ಸಂಬಳವನ್ನು ಕೊಡಬೇಕು. ಅಂಗನವಾಡಿಯ ಕಾರ್ಯಕರ್ತೆಯರು ವರ್ಷ ವರ್ಷವೂ ಬೆಂಗಳೂರಿನ ಬೀದಿಯಲ್ಲಿ ಕೂತು ಕೇಳಿದ್ದೂ ಇದನ್ನೇ.

ಮೂರನೆಯದು ಅಡಿಗೆ. ಕೂಸಿನ ಮನೆಗೂ ಅಂಗನವಾಡಿಗೂ ಒಂದೇ ಒಲೆ ಇರಲಿ. ಮಾತೃಪೂರ್ಣ ಯೋಜನೆಯಲ್ಲಿ 2017ರಿಂದ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿಯೇ ಮಧ್ಯಾಹ್ನದ ಊಟವನ್ನು ಬಡಿಸುವ ಪದ್ಧತಿ ಬಂದಿತು. ಆದರೆ ಮಧ್ಯಾಹ್ನಕ್ಕೆ ಹೊಲದಲ್ಲಿದ್ದವಳು ಊಟಕ್ಕೆಂದು ಊರಿಗೆ ನಡೆದು ಬಂದು ಹೋಗಲಾರಳು. ಕೂಸನ್ನು ಬಿಡಲು ಬೆಳಿಗ್ಗೆ ಬರುವ ತಾಯಿಗೆ ಆಗಲೇ ಬುತ್ತಿಯನ್ನು ಕಟ್ಟಿಕೊಡುವಂತಾದರೆ, ಒಂದೇ ನಡಿಗೆಯಲ್ಲಿ ಇಬ್ಬರ ಹೊಟ್ಟೆಯೂ ತುಂಬೀತು.

ತಾಯಿಯ ಕೈಗೆ ಹಣ

ಹಣದ ಮಾತಿಗೆ ಬರೋಣ. ಕುಟುಂಬಕ್ಕೆ ನೆರವು ಕೊಡುವಾಗ ಅದನ್ನು ಯಾರ ಕೈಗೆ ಕೊಡಬೇಕೆಂಬುದು ಇಂಗ್ಲಂಡಿನಲ್ಲಿ ದೊಡ್ಡ ವಾದಕ್ಕೆ ಕಾರಣವಾಗಿತ್ತು. ಎಲಿನರ್ ರಾತ್‌ಬೋನ್ ಎಂಬ ವಿದುಷಿ 1924ರಲ್ಲಿ ಗ್ರಂಥ ಬರೆದು, ಎರಡು ದಶಕಗಳ ಕಾಲ ವಾದಿಸಿ, 1945ರಲ್ಲಿ ಕುಟುಂಬ ಭತ್ಯೆಯ ಕಾಯದೆ ಆಗುವುದನ್ನು ಕಂಡರು. ಮಸೂದೆಯಲ್ಲಿ ಮೊದಲು ತಂದೆಯ ಹೆಸರಿತ್ತು. ಅವರ ಹಟದಿಂದ ಅದು ತಾಯಿಯ ಹೆಸರಾಯಿತು. ಎರಡನೆಯ ಮಗುವಿನಿಂದ ಮೊದಲುಗೊಂಡು ಮಗುವೊಂದಕ್ಕೆ ವಾರಕ್ಕೆ ಐದು ಶಿಲಿಂಗು ಸಲ್ಲುತ್ತಿತ್ತು. ನಮ್ಮಲ್ಲಿ 2023ರ ಆಗಸ್ಟ 30ರಂದು ಮೊದಲಾದ ಗೃಹಲಕ್ಷ್ಮಿಯು ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಎಂದು ಗೊತ್ತುಮಾಡಿ, ಆ ವಾದವನ್ನು ಒಂದೇ ಏಟಿಗೆ ತೀರಿಸಿತು. ಹಣ ತಾಯಿಯ ಕೈಗೆ ಬಂದರೆ ಅದರ ದಾರಿ ಬೇರೆಯಾಗುತ್ತದೆಂಬುದನ್ನು ಹಳ್ಳಿಯ ಕಿರಾಣಿ ಅಂಗಡಿಯವನು ಯಾವ ಪಂಡಿತನಿಗಿಂತಲೂ ಚೆನ್ನಾಗಿ ಬಲ್ಲ.

ಆದರೂ ರೌಂಟ್ರಿಯ ಪಾಠವನ್ನು ಇಲ್ಲಿ ನೆನೆಯಬೇಕು. ಬೆಳೆದ ಮಕ್ಕಳಿರುವ ಮನೆಗೂ, ಮೊಲೆ ಬಿಡದ ಕೂಸಿರುವ ಮನೆಗೂ ಒಂದೇ ಮೊತ್ತ. ಕೊರತೆಯ ತುದಿಯಲ್ಲಿರುವ ಮನೆಗೆ, ಎಂದರೆ ಮೂರು ವರ್ಷದೊಳಗಿನ ಕೂಸಿರುವ ಮನೆಗೆ, ಆ ಮೂರು ವರ್ಷದ ಮಟ್ಟಿಗೆ ಮೇಲೊಂದು ಪಾಲು ಸೇರಿಸಬಾರದೇಕೆ? 2013ರ ಆಹಾರ ಭದ್ರತಾ ಕಾಯದೆಯು ಬಸುರಿ ಬಾಣಂತಿಯರಿಗೆ 6,000 ರೂಪಾಯಿಗೆ ಕಡಿಮೆಯಿಲ್ಲದ ನೆರವನ್ನು ಹಕ್ಕೆಂದು ಹೇಳಿತು. 2017ರಲ್ಲಿ ಬಂದ ಮಾತೃವಂದನಾ ಯೋಜನೆ ಮೊದಲ ಮಗುವಿಗೆ 5,000 ರೂಪಾಯಿ ಎಂದು ಗೊತ್ತುಮಾಡಿತು, 2022ರ ತರುವಾಯ ಎರಡನೆಯದು ಹೆಣ್ಣಾದರೆ ಅದಕ್ಕೂ ವಿಸ್ತರಿಸಿತು. ಎರಡನೆಯದು ಗಂಡಾದರೆ ಬಾಣಂತಿಯ ಬೆನ್ನು ನೋಯುವುದಿಲ್ಲವೆ? ಹೆಣ್ಣುಮಗುವನ್ನು ಕಾಯುವ ಉದ್ದೇಶ ದೊಡ್ಡದು. ಆದರೆ ತಾಯಿಯ ವಿಶ್ರಾಂತಿಯನ್ನು ಅದಕ್ಕೆ ತಕ್ಕಡಿಯ ಕಲ್ಲು ಮಾಡಬಾರದು.

ಗುಳೆಯ ಮಕ್ಕಳು

ಸುಗ್ಗಿ ಮುಗಿದು ಬೇಸಗೆ ಬಂದಾಗ ಈ ಸೀಮೆಯ ಚಿತ್ರವೇ ಬದಲಾಗುತ್ತದೆ. ಶಿರಹಟ್ಟಿ, ಮುಂಡರಗಿಗಳ ಕಡೆಯ ತಾಂಡಾಗಳಿಂದ ಸಂಸಾರಗಳು ಗಂಟು ಕಟ್ಟಿ ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ಗುಳೆ ಹೊರಡುತ್ತವೆ. ಊರಿನಲ್ಲಿ ಕೆಲಸವಿಲ್ಲದ ತಿಂಗಳುಗಳಲ್ಲಿಯೇ ಶಾಲೆಗೂ ರಜೆ. ಶಾಲೆಯ ಊಟಕ್ಕೂ ರಜೆ. ಬರಗಾಲದ ಪ್ರದೇಶಗಳಲ್ಲಿ ರಜೆಯಲ್ಲಿಯೂ ಊಟ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2004ರಲ್ಲಿಯೇ ಹೇಳಿತು. ಅದರಂತೆ 2024ರ ಬೇಸಗೆಯಲ್ಲಿ ನಮ್ಮ ಬರಪೀಡಿತ ತಾಲೂಕುಗಳ ಶಾಲೆಗಳಲ್ಲಿ ಒಲೆ ಉರಿಯಿತು. ಮಳೆಯನ್ನೇ ನಂಬಿದ ತಾಲೂಕುಗಳಲ್ಲಿ ಪ್ರತಿ ಬೇಸಗೆಯೂ ಸಣ್ಣ ಬರಗಾಲವೇ. ಘೋಷಣೆಗಾಗಿ ಕಾಯದೆ ಆ ಒಲೆಯನ್ನು ವರ್ಷವೂ ಉರಿಸಬಹುದು.

2020ರಿಂದ ಪಡಿತರ ಚೀಟಿ ಕರ್ನಾಟಕದಿಂದ ಗೋವೆಗೆ ಹೋದರೂ ನಡೆಯುವಂತಾಯಿತು. ಅಕ್ಕಿ ಗಡಿ ದಾಟಿತು; ಮಗುವಿನ ಶಾಲೆಯೂ ಅಂಗನವಾಡಿಯೂ ಅಷ್ಟು ಸಲೀಸಾಗಿ ದಾಟಲಿಲ್ಲ. ಕಟ್ಟಡದ ಕೆಲಸದ ಬಯಲಿನಲ್ಲಿ ಆಡುವ ಲಂಬಾಣಿ ಕೂಸಿಗೆ ಕೊಂಕಣಿ ಬಾರದು, ಅಲ್ಲಿಯ ಸಹಾಯಕಿಗೆ ಅದರ ಮಾತು ತಿಳಿಯದು. ಗುಳೆ ಹೋಗುವ ಊರುಗಳಲ್ಲಿ ಶಾಲೆಯ ಮಕ್ಕಳು ಊರಿನಲ್ಲಿಯೇ ಉಳಿದು ಓದುವಂತೆ ಋತುಮಾನದ ವಸತಿ ಏರ್ಪಾಡು, ಹೋಗುವ ಕೂಸುಗಳ ಹೆಸರನ್ನು ಅಲ್ಲಿಯ ಅಂಗನವಾಡಿಗೆ ಮುಂಚೆಯೇ ತಿಳಿಸುವ ಪದ್ಧತಿ, ಇವೆರಡಕ್ಕೂ ದೊಡ್ಡ ಹಣ ಬೇಕಿಲ್ಲ. ಎರಡು ಕಚೇರಿಗಳು ಪರಸ್ಪರ ಮಾತನಾಡಿದರೆ ಸಾಕು.

ಕಣಗಿನಹಾಳದ ಪಾಠ

ಇಷ್ಟನ್ನು ಓದಿದವರಲ್ಲಿ ಇಬ್ಬರು ಆಕ್ಷೇಪಿಸಬಹುದು. ಅಜ್ಜಿಯರಿದ್ದಾರಲ್ಲ, ಕೂಸನ್ನು ಸರಕಾರದ ಮನೆಗೇಕೆ ಒಪ್ಪಿಸಬೇಕು ಎಂದು ಒಬ್ಬರು ಕೇಳುತ್ತಾರೆ. ಬಡವರ ಮನೆಯ ಅಜ್ಜಿಯೂ ಸುಗ್ಗಿಯಲ್ಲಿ ಕೂಲಿಗೆ ಹೋಗುತ್ತಾಳೆಂಬುದನ್ನು ಅವರು ಕಂಡಿರಲಿಕ್ಕಿಲ್ಲ. ಹೀಗೆ ಕೊಡುತ್ತ ಹೋದರೆ ಜನ ಮೈಗಳ್ಳರಾಗುವುದಿಲ್ಲವೆ ಎಂದು ಇನ್ನೊಬ್ಬರು ಕೇಳುತ್ತಾರೆ. ಕೂಸಿನ ಮನೆಯನ್ನು ಕೇಳುವವಳು ದುಡಿಯಲು ಹೊರಟವಳು. ದುಡಿಯಲು ಬಿಡಿರೆಂದು ಕೇಳುವವರನ್ನು ಮೈಗಳ್ಳರೆನ್ನುವ ಭಾಷೆ ಯಾವುದು?

ನಿಜವಾದ ಆತಂಕ ಬೇರೆ. ಮೇಲಿನಿಂದ ಬಂದ ಯೋಜನೆ ಕೆಳಗೆ ಬೇರು ಬಿಡುವುದೇ ಎಂಬುದು. ಇದಕ್ಕೆ ಉತ್ತರ ಗದಗ ತಾಲೂಕಿನ ಇತಿಹಾಸದಲ್ಲಿಯೇ ಇದೆ. 1904ರಲ್ಲಿ ಸರಕಾರ ಸಹಕಾರಿ ಪತ್ತಿನ ಕಾಯದೆಯನ್ನು ಮಾಡಿತು. ಕಾಯದೆಗಳು ಕಾಗದದಲ್ಲಿಯೇ ಮಲಗುವುದುಂಟು. ಆದರೆ ಮರುವರ್ಷವೇ ಕಣಗಿನಹಾಳದ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ ದೇಶದ ಮೊದಲನೆಯ ಕೃಷಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದರು. ಸಾವುಕಾರನ ಬಡ್ಡಿಯಿಂದ ಒಕ್ಕಲಿಗನನ್ನು ಬಿಡಿಸಬೇಕೆಂಬ ಕಾಯದೆಯ ಆಸೆಗೆ ಒಂದು ಹಳ್ಳಿಯ ವಿಶ್ವಾಸ ಕೈಗೂಡಿಸಿತು. ಕೂಸಿನ ಮನೆಗೂ ಇಂಥ ಕೂಡುವಿಕೆ ಬೇಕು. ಹಣವನ್ನೂ ನಿಯಮವನ್ನೂ ಸರಕಾರ ಕೊಡಲಿ. ಹೊತ್ತು, ಸ್ಥಳ, ಆರೈಕೆದಾರಳ ಆಯ್ಕೆ, ದಿನದಿನದ ಉಸ್ತುವಾರಿ ಊರಿನ ಸ್ತ್ರೀಶಕ್ತಿ ಸಂಘದ ಕೈಯಲ್ಲಿರಲಿ. ಕೂಲಿಗೆ ಹೋಗುವ ತಾಯಂದಿರೇ ಆ ಸಮಿತಿಯಲ್ಲಿ ಕೂಡಲಿ. ಅವರಿಗಿಂತ ಕಟ್ಟುನಿಟ್ಟಿನ ತನಿಖೆದಾರರು ಯಾರಿದ್ದಾರೆ?

ಸರಕಾರಗಳು ಕೆಲಸವನ್ನು ಅಳೆಯುವ ಕೋಲುಗಳು ಅನೇಕ: ಎಷ್ಟು ಕೋಟಿ ವೆಚ್ಚವಾಯಿತು, ಎಷ್ಟು ಖಾತೆಗಳಿಗೆ ಹಣ ಸಂದಿತು, ಎಷ್ಟು ಕೇಂದ್ರಗಳ ಉದ್ಘಾಟನೆಯಾಯಿತು. ಇನ್ನೊಂದು ಕೋಲನ್ನು ನಾನು ಸೂಚಿಸುತ್ತೇನೆ. ಹತ್ತಿ ಬಿಡಿಸುವ ವಾರಗಳಲ್ಲಿ ಹಳ್ಳಿಯ ಶಾಲೆಯ ಐದನೆಯ ಇಯತ್ತೆಯ ಹಾಜರಿ ಪುಸ್ತಕವನ್ನು ತರಿಸಿ, ಹುಡುಗಿಯರ ಸಾಲನ್ನು ಓದಿ ನೋಡಬೇಕು. ಆ ಸಾಲು ತುಂಬಿದ್ದರೆ ಎಲ್ಲೋ ಒಂದು ಕೂಸು ಹೊಟ್ಟೆ ತುಂಬ ಉಂಡು ನೆರಳಿನಲ್ಲಿ ಮಲಗಿದೆ, ಅದರ ತಾಯಿ ನಿಶ್ಚಿಂತೆಯಿಂದ ದುಡಿಯುತ್ತಿದ್ದಾಳೆ ಎಂದು ತಿಳಿಯಬಹುದು. ಆ ಸಾಲಿನಲ್ಲಿ ಗೈರುಹಾಜರಿಯ ಗುರುತುಗಳು ಇರುವವರೆಗೆ ನಮ್ಮ ಧೋರಣೆಗಳಿಗೆ ಕೆಲಸ ಉಳಿದಿದೆ.